ಉಪ್ಪಳದಲ್ಲಿ ಗಾಳದ ಕೋಲು ಕೊಂಡದ್ದು

ಅಂದುಂಞಿಚ್ಚನ ಅಂಗಡಿಯಲ್ಲಿ
ಬಲೆ, ಬೆಂಡು, ಸೀಸದ ಗುಂಡು.
ಮೂಲೆಯಲ್ಲಿ ಒಂದಕ್ಕೊಂದು ಆತುಕೊಂಡ ಕೋಲುಗಳು,
ಅಸೆಂಬ್ಲಿಯಲ್ಲಿ ಹಿಂದಿನ ಸಾಲಿನ ಹುಡುಗರ ಹಾಗೆ.

"ಗಂಡನಿಗೋ ಟೈಲರಕ್ಕ, ಮಗನಿಗೋ?"
"ನನಗೆ."
ಅವರು ಕನ್ನಡಕ ತೆಗೆದು
ಅಂಗಿಯ ಅಂಚಿನಲ್ಲಿ ಒರೆಸಿಕೊಂಡರು.
ಆ ಅಂಚು ಮಡಚಿ ಹೊಲಿದವಳೂ ನಾನೇ.

ಜೂನಿನ ಯೂನಿಫಾರ್ಮಿನ ದುಡ್ಡು,
ಕರೆಂಟು ಬಿಲ್ಲು, ಚೀಟಿಯ ಕಂತು, ಗುಂಡಿಯಂಗಡಿಯ ಸಾಲ ಕಳೆದು
ಅಕ್ಟೋಬರಿನವರೆಗೆ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟುಕೊಂಡದ್ದು
ಎರಡು ಸಾವಿರದ ಐನೂರು.

ಮೊದಲು ಬಂದದ್ದು ಒಂದರೊಳಗೊಂದು ಅಡಗುವ ಕೋಲು.
ಎಳೆದರೆ ಎರಡಾಳುದ್ದ, ತಳ್ಳಿದರೆ ಎರಡು ಮೊಳ,
ಚೀಲದಲ್ಲಿಟ್ಟರೆ ಲೋಕಕ್ಕೆ ಗೊತ್ತಾಗದು.
ಜೋಡಣೆಯ ಸಂದಿಗೆ ಉಗುರಿಟ್ಟು ನೋಡಿದೆ.
ಶಿರಿಯದ ಮರಳು ನನಗೆ ಗೊತ್ತು,
ಸೀರೆಯ ಫಾಲಿನೊಳಗೆ ಹೊಕ್ಕರೆ
ಮೂರು ಒಗೆತಕ್ಕೂ ಹೊರಡುವುದಿಲ್ಲ.
ಬೇಡ.

ಕಾರ್ಬನ್ನು. ಗರಿಯಷ್ಟು ಹಗುರ. ಆರು ಸಾವಿರ.
ಹಿಡಿದದ್ದೇ ತಪ್ಪಾಯಿತು.
ರೇಷ್ಮೆ ಮುಟ್ಟಿದ ಕೈ ಪಾಲಿಸ್ಟರಿಗೆ ಮರಳಲು
ಸ್ವಲ್ಪ ಹೊತ್ತು ಬೇಕು.

ಕೊನೆಗೆ ಫೈಬರು, ಹನ್ನೆರಡು ಅಡಿ, ಎರಡೇ ತುಂಡು,
ತುಸು ತೂಕದ್ದು.
ತುದಿಯನ್ನು ಅವರ ಕೈಗೆ ಕೊಟ್ಟು ಬುಡ ಎತ್ತಿದೆ.
ಬಾಗಿತು, ಬಿಟ್ಟೊಡನೆ ನೆಟ್ಟಗಾಯಿತು.
ರವಕೆಯೊಳಗಿನ ದಾರದುಂಡೆ ತೆಗೆದು
ಬಳೆಬಳೆಯಲ್ಲೂ ಎಳೆ ತೂರಿಸಿ ಜಗ್ಗಿದೆ.
ಐದನೆಯ ಬಳೆಯಲ್ಲಿ ದಾರ ಜೂಲೆದ್ದಿತು.
"ಬೇರೆ ಕೊಡಿ."
ಅಂದುಂಞಿಚ್ಚ ಬೇರೆ ಕೊಟ್ಟರು, ಈ ಸಲ
ಯಾರಿಗೆಂದು ಕೇಳದೆ.

ರೀಲೆಂದರೆ ದೊಡ್ಡ ಬಾಬಿನ್ನು, ಅಷ್ಟೇ.
ಡಬ್ಬಿಯ ಮೇಲೆ ಹತ್ತು ಬೇರಿಂಗೆಂದು ಬರೆದಿತ್ತು,
ಕಿವಿಗಿಟ್ಟು ತಿರುಗಿಸಿದರೆ ಮರಳು ಜಗಿಯುವ ಸದ್ದು.
ನಾಲ್ಕರದ್ದು ಒಂದಿತ್ತು, ಹಳೇ ಸ್ಟಾಕು,
ಧೂಳು ಹಿಡಿದದ್ದು, ಸದ್ದಿಲ್ಲದ್ದು.
ಮೇಲಿನ ತಿರುಪನ್ನು ಹೆಬ್ಬೆರಳು ತಾನಾಗಿ ಗುರುತು ಹಿಡಿಯಿತು:
ದಾರ ಬಿಗಿಯಾದರೆ ಬಟ್ಟೆ ಸುಕ್ಕು,
ಸಡಿಲಾದರೆ ಅಡಿಯಲ್ಲಿ ಗೂಡು.
ಎಳೆದೆ. ಅದು ಜರ್ಕು ಹೊಡೆಯದೆ
ಎಳೆದಷ್ಟೇ ಕೊಟ್ಟಿತು.

ಅವರದು ಮಲಯಾಳ, ನನ್ನದು ತುಳು,
ಚೌಕಾಸಿ ಮಾತ್ರ ಕನ್ನಡದಲ್ಲಿ,
ಇಬ್ಬರಿಗೂ ಕೂಡಿ ಕಳೆಯಲು ಕಲಿಸಿದ ಭಾಷೆ.
ಕೋಲು, ರೀಲು, ದಾರ, ಸೀಸ: ಎರಡು ಸಾವಿರದ ಏಳುನೂರ ಐವತ್ತು.
ಮೊಮ್ಮಗಳ ಮದುವೆಯ ಬ್ಲೌಸಿನ ಬಾಕಿ ಇನ್ನೂರು.
ಉಳಿದ ಐವತ್ತು?
"ಬಿಡಿ" ಎಂದೆ. "ಬಿಟ್ಟೆ" ಎಂದರು.
ಗಾಳದ ಮುಳ್ಳು ನಾಲ್ಕು, ಪೇಪರಿನಲ್ಲಿ ಸುತ್ತಿ,
ಲೆಕ್ಕಕ್ಕೆ ಹಿಡಿಯದೆ ಕೈಯಲ್ಲಿಟ್ಟರು.

ಬಸ್ಸಿನಲ್ಲಿ ಕಂಡಕ್ಟರು, "ಪರದೆ ಕೋಲಾ?"
ಹೌದೆಂದೆ.

ಆದಿತ್ಯವಾರ, ಅಳಿವೆಯ ತೆಂಕಕ್ಕೆ, ಮೊಣಕಾಲು ನೀರು.
ಮೊದಲನೆಯ ಎಸೆತ ನನ್ನ ಕಾಲ ಬುಡಕ್ಕೇ ಬಿತ್ತು.
ಎರಡನೆಯದು ರೀಲಿನ ಮೇಲೆ ಗುಬ್ಬಿ ಗೂಡು.
ಹುಡುಗರು ನಗುತ್ತ ಬ್ಲೇಡು ಚಾಚಿದರು.
"ಕತ್ತರಿಸಬೇಡಿ ಮಕ್ಕಳೇ,
ಗಂಟು ಬಿಡಿಸಿಯೇ ನಾನು ಅನ್ನ ಉಂಡದ್ದು."
ಕಾಲು ಗಂಟೆ. ಸೂಜಿ ಸಾಕಾಯಿತು.

ಮೂರನೆಯದು ಹೋಯಿತು.
ತೆರೆಯ ಎರಡನೆಯ ಮಡಿಕೆ ದಾಟಿ,
ನೀರು ಕಪ್ಪಾಗುವಲ್ಲಿ
ಎಟ್ಟಿಯ ತುಂಡು ಇಳಿಯಿತು.
ಕಾದೆ. ಉಪ್ಪು ತುಟಿಗೆ ಬಂತು.
ಆಮೇಲೆ ಯಾರೋ ಸೆರಗು ಹಿಡಿದ ಹಾಗೆ
ಒಂದು ಎಳೆತ. ಇನ್ನೊಂದು.
ಮತ್ತೆ ಏನೂ ಇಲ್ಲ.

ಹುಡುಗರು ಕಾಣೆ ಅಂದರು, ಕೊಡ್ಡಾಯಿ ಅಂದರು.
ಯಾವುದಾದರೇನು,
ಬಿಗಿ ಅರ್ಧ ಸುತ್ತು ಹೆಚ್ಚಾಗಿತ್ತು.
ನನಗೆ, ನನಗೇ.

ಮನೆಗೆ ಬಂದು ರೀಲನ್ನು ಸಿಹಿನೀರಲ್ಲಿ ತೊಳೆದೆ,
ಒರೆಸಿ, ಮೆಷಿನ್ನಿನ ಎಣ್ಣೆ ಎರಡು ತೊಟ್ಟು.

ಸೋಮವಾರ ಬೆಳಿಗ್ಗೆ
"ತೋಳು ಬಿಗಿಯಾಯಿತು" ಎಂದು ಬಂದ ಜಲಜಾಕ್ಷಿ ಟೀಚರಿಗೆ
ದಪ್ಪಗಾದಿರಿ ಎನ್ನಲಿಲ್ಲ.
ಅರ್ಧ ಇಂಚು ಬಿಟ್ಟುಕೊಟ್ಟೆ.